ಎಳೆಮೊಲದ ಆಹಾರವಿಚಾರ

ಕಳೆದ ಮಾಗಿಯ ಒಂದು ಮುಂಜಾನೆ, ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಓಣಿಯವಳೇ ಆದ ಹತ್ತು ವರುಷದ ಬಾಲೆಯೊಬ್ಬಳು ರಟ್ಟಿನ ಪೆಟ್ಟಿಗೆಯೊಂದನ್ನು ಎದೆಗವಚಿಕೊಂಡು ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತಳು. ಪೆಟ್ಟಿಗೆಯೊಳಗೆ ಹಳೆಯ ಪಂಚೆಯ ಮಡಿಕೆಯ ನಡುವೆ, ಒಂದು ಬೊಗಸೆಯನ್ನೂ ತುಂಬಲಾರದಷ್ಟು ಚಿಕ್ಕದಾದ, ಬಿಳಿಯ ಮೈಯ, ಕೆಂಪುಗಣ್ಣಿನ ಮೊಲದ ಮರಿಯೊಂದು ಮುದುಡಿಕೊಂಡಿತ್ತು. ಎರಡು ದಿನಗಳ ಹಿಂದೆ ಹುಬ್ಬಳ್ಳಿಯ ಪೇಟೆಯಲ್ಲಿ ಅದನ್ನು ಕೊಂಡಾಗ, ಮಾರಿದವನು “ಹಾಲು ಹಾಕ್ರಿ, ಗಜ್ಜರಿ ಹಾಕ್ರಿ, ಏನ್ ಹಾಕಿದ್ರೂ ತಿಂತದ” ಎಂದು ಹೇಳಿದ್ದನಂತೆ. ಮನೆಯವರು ಎಮ್ಮೆಯ ಹಾಲನ್ನು ಬೆಚ್ಚಗೆ ಮಾಡಿ, ಹತ್ತಿಯ ಬತ್ತಿಯನ್ನು ಅದರಲ್ಲಿ ಅದ್ದಿ, ಸರದಿಯ ಮೇಲೆ ಮರಿಯ ಬಾಯಿಗಿಟ್ಟು ಚೀಪಿಸಿದ್ದರು. “ಕಾಕಾ, ರಾತ್ರಿ ಛಲೋ ಕುಡೀತ್ರಿ. ಈಗ ನೋಡ್ರಿ, ಹೊಟ್ಟಿ ಡೊಳ್ಳಾಗೇದ, ಕಣ್ಣ ತೆಗೀವಲ್ದು” ಎಂದಳು. ನಾನು ಕೈಯಿಟ್ಟು ನೋಡಲಾಗಿ ಹೊಟ್ಟೆಯು ಬಿಗಿದ ಚರ್ಮದಂತೆ ಗಟ್ಟಿಯಾಗಿದ್ದಿತು. ಹಿಂಗಾಲುಗಳ ನಡುವಿನ ರೋಮವೆಲ್ಲ ಅಂಟಂಟಾಗಿ ಒದ್ದೆಯಾಗಿದ್ದಿತು. ಮರುದಿನ ಸೂರ್ಯೋದಯಕ್ಕೆ ಮುನ್ನವೇ ಅದು ಸತ್ತುಹೋಯಿತು.

ಅನಂತರದ ವಾರದಲ್ಲಿ ನಾನು ಈ ಸಂಗತಿಯನ್ನು ಬಲ್ಲವರೆನಿಸಿಕೊಂಡ ಮೂವರನ್ನು ವಿಚಾರಿಸಿದೆನು. ಮಾಂಸಕ್ಕಾಗಿ ಮೊಲ ಸಾಕುವ ರೈತಮಿತ್ರರೊಬ್ಬರು, ತಿಂಗಳಾದ ಮರಿಗೆ ಹಾಲಿನ ಗೊಡವೆಯೇ ಬೇಡ, ಬೂಸಾ ಮತ್ತು ಪಲ್ಲೆ ಸಾಕು ಎಂದರು. ಪಶುವೈದ್ಯರೊಬ್ಬರು, ಪಲ್ಲೆಯೇ ವಿಷ, ಒಣಹುಲ್ಲು ಮತ್ತು ನೀರು ಇಷ್ಟೇ ಇರಲಿ ಎಂದರು. ಮನೆಯೊಳಗೆ ಮೊಲಗಳನ್ನು ಮಕ್ಕಳಂತೆ ಸಾಕಿಕೊಂಡಿರುವ ಗೃಹಿಣಿಯೊಬ್ಬರು, ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಿದುದೇ ತಪ್ಪು, ಉಳಿದ ಮಾತೆಲ್ಲ ಆಮೇಲಿನದು ಎಂದರು. ಮೂವರೂ ಅನುಭವಸ್ಥರೇ; ಮೂವರೂ ತಮ್ಮ ಕಣ್ಣಾರೆ ಕಂಡುದನ್ನೇ ಹೇಳಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬ ನಮ್ಮ ಗಾದೆಯನ್ನು ಇಂತಹ ಕಡೆ ಹಟಮಾರಿತನಕ್ಕೆ ಅನ್ವಯಿಸುವುದು ವಾಡಿಕೆಯಾದರೂ, ಇಲ್ಲಿ ಒಬ್ಬೊಬ್ಬರು ಹಿಡಿದುದು ಒಂದೊಂದು ಬೇರೆಯ ಮೊಲವನ್ನೆಂಬುದು ವಿಚಾರಿಸಿದಷ್ಟೂ ಸ್ಪಷ್ಟವಾಗುತ್ತ ಹೋಯಿತು.

ಒಂದು ಹೆಸರು, ಎರಡು ಪ್ರಾಣಿ

ಗೊಂದಲದ ಮೊದಲ ಬೇರು ಭಾಷೆಯಲ್ಲಿಯೇ ಇದೆ. ನಮ್ಮ ಹೊಲಗಳ ಬದುವಿನಲ್ಲಿ ಪೊದೆಯಿಂದ ಪೊದೆಗೆ ಜಿಗಿಯುವ ಕಾಡುಮೊಲವನ್ನೂ, ಪಂಜರದಲ್ಲಿ ಕುಳಿತು ಪಲ್ಲೆ ಮೆಲ್ಲುವ ಸಾಕುಮೊಲವನ್ನೂ ಕನ್ನಡವು ಒಂದೇ ಶಬ್ದದಿಂದ ಕರೆಯುತ್ತದೆ. ಚಂದ್ರನನ್ನು ಶಶಾಂಕನನ್ನಾಗಿ ಮಾಡಿದ ಶಶವೂ, ಇಲ್ಲದ ವಸ್ತುವಿಗೆ ತಾರ್ಕಿಕರು ಕೊಡುವ ಮೊಲದ ಕೋಡಿನ ದೃಷ್ಟಾಂತವೂ, ಪಂಚತಂತ್ರದಲ್ಲಿ ಸಿಂಹವನ್ನು ಬಾವಿಗೆ ಕೆಡವಿದ ಜಾಣಪ್ರಾಣಿಯೂ, ಬೇಟೆನಾಯಿಗಳನ್ನೇ ತಿರುಗಿ ಅಟ್ಟಿ ವಿಜಯನಗರದ ನೆಲೆಯನ್ನು ತೋರಿಸಿಕೊಟ್ಟಿತೆಂದು ಐತಿಹ್ಯವು ಹೇಳುವ ಮೊಲವೂ ಲೀಪಸ್ ನೈಗ್ರಿಕಾಲಿಸ್ ಎಂಬ ನಮ್ಮ ನೆಲದ ಕಾಡುಮೊಲವೇ ಹೊರತು, ಸ್ಪೇನ್ ದೇಶದ ಕಡೆಯಿಂದ ಹಬ್ಬಿದ ಒರಿಕ್ಟೊಲೇಗಸ್ ಕ್ಯುನಿಕ್ಯುಲಸ್ ಎಂಬ ಸಾಕುಮೊಲವಲ್ಲ. ಸಾಕುಮೊಲವು ಈ ನಾಡಿಗೆ ಈಚಿನ ಅತಿಥಿ. ಆದುದರಿಂದಲೇ ದನ, ಎಮ್ಮೆ, ಆಡುಗಳ ವಿಷಯದಲ್ಲಿ ನಮ್ಮ ಅಜ್ಜಿಯರಲ್ಲಿದ್ದ ಪರಂಪರಾಗತವಾದ ತಿಳಿವಳಿಕೆಯು ಇದರ ವಿಷಯದಲ್ಲಿ ನಮಗಿಲ್ಲ.

ಇವೆರಡರ ಅಂತರವು ಶೈಶವದಲ್ಲಿ ಅತ್ಯಂತ ಹೆಚ್ಚು. ಕಾಡುಮೊಲದ ಮರಿಯು ಮೈತುಂಬ ರೋಮವನ್ನು ಹೊದ್ದು, ಕಣ್ಣು ತೆರೆದುಕೊಂಡೇ ಬಯಲಲ್ಲಿ ಹುಟ್ಟುತ್ತದೆ. ಸಾಕುಮೊಲದ ಮರಿಯಾದರೋ, ಸುಮಾರು ೩೧ ದಿನಗಳ ಗರ್ಭವಾಸವನ್ನು ಮುಗಿಸಿ, ತಾಯಿಯು ತನ್ನ ಎದೆಯ ರೋಮವನ್ನು ಕಿತ್ತು ಹಾಸಿದ ಗೂಡಿನಲ್ಲಿ ಬತ್ತಲೆಯಾಗಿ, ಕುರುಡಾಗಿ, ಕಿವುಡಾಗಿ ಬೀಳುತ್ತದೆ. ಹತ್ತು ಹನ್ನೆರಡು ದಿನಗಳಿಗೆ ಕಣ್ಣು ತೆರೆಯುತ್ತದೆ. ಮೂರನೆಯ ವಾರದ ಸುಮಾರಿಗೆ ಗೂಡಿನಿಂದ ಹೊರಗೆ ಬಂದು ಎಳೆಯ ಹುಲ್ಲನ್ನು ಕಚ್ಚಿ ನೋಡುತ್ತದೆ. ಸುಗ್ಗಿಯಲ್ಲಿ ಹೊಲ ಕೊಯ್ಯುವವರು ಕಾಡುಮೊಲದ ಮರಿಯನ್ನು ಅನಾಥವೆಂದು ಭ್ರಮಿಸಿ ಮನೆಗೆ ತರುವುದುಂಟು. ಹಗಲೆಲ್ಲ ಮರಿಗಳಿಂದ ದೂರವಿದ್ದು, ಕತ್ತಲಾದ ಮೇಲೆ ಬಂದು ಮೊಲೆಯೂಡಿಸುವುದು ಆ ಕುಲದ ತಾಯಿಯ ಸ್ವಭಾವ. ಮರಿಯು ಒಂಟಿಯಾಗಿದ್ದ ಮಾತ್ರಕ್ಕೆ ಅನಾಥವಲ್ಲ. ಅದನ್ನು ಎತ್ತಿದ ಜಾಗದಲ್ಲಿಯೇ ಮರಳಿ ಬಿಡುವುದು ಧರ್ಮವೂ ಹೌದು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ದೃಷ್ಟಿಯಿಂದ ಕರ್ತವ್ಯವೂ ಹೌದು. ಈ ಲೇಖನದ ಮುಂದಿನ ಮಾತೆಲ್ಲ ಸಾಕುಮೊಲದ ಮರಿಯನ್ನು ಕುರಿತದ್ದು.

ಯಾರು, ಯಾತಕ್ಕಾಗಿ ಸಾಕಿದರು

ಪ್ರಾಚೀನ ರೋಮನರು ಗೋಡೆ ಕಟ್ಟಿದ ಆವರಣಗಳಲ್ಲಿ ಮೊಲಗಳನ್ನು ಕೂಡಿಹಾಕಿ ಮೇಯಿಸುತ್ತಿದ್ದರು. ಆಗತಾನೆ ಹುಟ್ಟಿದ ಮರಿಯ ಮಾಂಸವು ಅವರಿಗೆ ಭೋಗದ ಖಾದ್ಯವಾಗಿತ್ತು. ಕ್ರಿ.ಶ. ೬೦೦ರಲ್ಲಿ ಪೋಪ್ ಗ್ರೆಗರಿಯು ಎಳೆಮೊಲವನ್ನು ಮೀನಿಗೆ ಸಮವೆಂದು ಸಾರಿ, ಉಪವಾಸದ ದಿನಗಳಲ್ಲಿ ತಿನ್ನಲು ಅಪ್ಪಣೆ ಕೊಟ್ಟನೆಂದೂ, ಅದರಿಂದಲೇ ಕ್ರೈಸ್ತ ಮಠಗಳಲ್ಲಿ ಮೊಲವು ಸಾಕುಪ್ರಾಣಿಯಾಯಿತೆಂದೂ ಪುಸ್ತಕದಿಂದ ಪುಸ್ತಕಕ್ಕೆ ಬಂದ ಕಥೆಯೊಂದುಂಟು. ಅಂತಹ ಅಪ್ಪಣೆಯೇ ಹೊರಡಲಿಲ್ಲವೆಂದೂ, ತೂರ್ ನಗರದ ಗ್ರೆಗರಿಯೆಂಬ ಬೇರೊಬ್ಬ ಇತಿಹಾಸಕಾರನು ಒಬ್ಬ ಸಾಮಂತನು ಎಳೆಮೊಲಗಳನ್ನು ತಿಂದುದನ್ನು ಬರೆದಿಟ್ಟ ವಾಕ್ಯವೇ ಹೀಗೆ ಬೆಳೆಯಿತೆಂದೂ ೨೦೧೮ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಈ ಪ್ರಾಣಿಯನ್ನು ಕುರಿತ ತಿಳಿವಳಿಕೆಯಲ್ಲಿ ಕೇಳಿದ ಮಾತೇ ಪ್ರಮಾಣವಾಗಿ ನಿಂತ ಉದಾಹರಣೆಗಳಲ್ಲಿ ಇದೊಂದು ಮಾತ್ರ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೊಲವು ಪ್ರಯೋಗಶಾಲೆಯನ್ನು ಸೇರಿತು. ೧೮೮೫ರಲ್ಲಿ ಪಾಸ್ಚರನು ಹುಚ್ಚುನಾಯಿಯ ಕಡಿತಕ್ಕೆ ಕೊಟ್ಟ ಮದ್ದು ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದುದಾಗಿತ್ತು. ಅನಂತರ ಮಾಂಸೋತ್ಪಾದನೆಯ ವಿಜ್ಞಾನವು ಬೆಳೆಯಿತು. ೧೯೭೬ರಲ್ಲಿ ಫ್ರಾನ್ಸಿನ ದಿಜೋನ್ ನಗರದಲ್ಲಿ ಮೊದಲ ಜಾಗತಿಕ ಮೊಲಸಾಕಣೆ ಸಮ್ಮೇಳನವು ಸೇರಿತು. ನಮ್ಮಲ್ಲಿ ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯೂ, ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿರುವ ಅದರ ಶಾಖೆಯೂ ಮಾಂಸ ಮತ್ತು ಉಣ್ಣೆಯ ತಳಿಗಳ ಮೇಲೆ ಕೆಲಸ ಮಾಡುತ್ತ ಬಂದಿವೆ. ಮನೆಯೊಳಗಿನ ಸಂಗಾತಿಯಾಗಿ ಮೊಲವನ್ನು ನೋಡುವ ಪಂಥವು ಇವೆಲ್ಲಕ್ಕಿಂತ ಕಿರಿದು: ಕ್ಯಾಲಿಫೋರ್ನಿಯದಲ್ಲಿ ಹೌಸ್ ರ್‍ಯಾಬಿಟ್ ಸೊಸೈಟಿ ಎಂಬ ಸಂಘವು ಹುಟ್ಟಿದುದು ೧೯೮೮ರಲ್ಲಿ. ನಮ್ಮ ಓಣಿಯ ಮೂರು ಉತ್ತರಗಳಲ್ಲಿ ಎರಡಕ್ಕೆ ಮೂಲ ಈ ಎರಡು ಪರಂಪರೆಗಳಲ್ಲಿದೆ. ಒಂದಕ್ಕೆ ಹತ್ತು ಹನ್ನೆರಡು ವಾರಗಳಲ್ಲಿ ಎಷ್ಟು ತೂಕವೆಂಬುದು ಪ್ರಶ್ನೆ. ಇನ್ನೊಂದಕ್ಕೆ ಎಂಟು ಹತ್ತು ವರುಷಗಳ ಆಯುಷ್ಯವು ಹೇಗೆ ಎಂಬುದು ಪ್ರಶ್ನೆ. ಮೂರನೆಯದು, ವೈದ್ಯನದು, ಇಂದಿನ ರಾತ್ರಿಯನ್ನು ಮರಿಯು ದಾಟುವುದೋ ಇಲ್ಲವೋ ಎಂಬುದು.

ಹಾಲಿನ ವಿಚಾರ

ಪೇಢೆಯ ಊರಿನವರಾದ ನಮಗೆ, ಶಿಶುವೆಂದೊಡನೆ ಹಾಲು ನೆನಪಾಗುವುದು ಸಹಜ. ನಾಯಿಮರಿಗೂ ಹಾಲು, ಬೆಕ್ಕಿನ ಮರಿಗೂ ಹಾಲು, ಗೂಡಿನಿಂದ ಬಿದ್ದ ಅಳಿಲಿಗೂ ಹಾಲು. ಹಾಲನ್ನೆರೆಯುವ ಕೈಯಲ್ಲಿ ವಾತ್ಸಲ್ಯವಲ್ಲದೆ ಬೇರೇನೂ ಇರುವುದಿಲ್ಲ. ಆದರೆ ಹಾಲೆಂಬುದು ಒಂದೇ ವಸ್ತುವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬುಂಗೆ ಎಂಬ ಶರೀರಶಾಸ್ತ್ರಜ್ಞನು, ಹುಟ್ಟಿದ ಮರಿಯ ತೂಕವು ಇಮ್ಮಡಿಯಾಗಲು ಯಾವ ಪ್ರಾಣಿಗೆ ಎಷ್ಟು ದಿನ ಬೇಕೆಂಬುದನ್ನೂ, ಆ ಪ್ರಾಣಿಯ ಹಾಲು ಎಷ್ಟು ಗಟ್ಟಿಯೆಂಬುದನ್ನೂ ಒಂದರ ಪಕ್ಕದಲ್ಲೊಂದಿಟ್ಟು ಒಂದು ಪಟ್ಟಿಯನ್ನು ರಚಿಸಿದನು. ಮನುಷ್ಯಶಿಶುವಿಗೆ ೧೮೦ ದಿನ, ಕರುವಿಗೆ ೪೭ ದಿನ, ಮೊಲದ ಮರಿಗೆ ೬ ದಿನ! ಆರು ದಿನಗಳಲ್ಲಿ ಇಮ್ಮಡಿಯಾಗತಕ್ಕ ಮೈಗೆ ತಕ್ಕಂತೆ ಮೊಲದ ಹಾಲಿನ ನೂರು ಭಾಗದಲ್ಲಿ ಜಿಡ್ಡು ಸುಮಾರು ೧೨, ಸಸಾರಜನಕವೂ ಸುಮಾರು ೧೨, ಹಾಲಿನ ಸಕ್ಕರೆ ಮಾತ್ರ ೨ ಭಾಗ. ಆಕಳ ಹಾಲಿನಲ್ಲಿ ಜಿಡ್ಡು ೪, ಸಸಾರಜನಕ ೩ಕ್ಕೆ ತುಸು ಹೆಚ್ಚು, ಸಕ್ಕರೆಯು ಐದಕ್ಕೆ ಸಮೀಪ. ಎಮ್ಮೆಯ ಹಾಲಿನಲ್ಲಿ ಜಿಡ್ಡು ಏಳರಷ್ಟಾದರೂ ಸಕ್ಕರೆಯು ಐದರ ಸುಮಾರಿಗೇ ನಿಲ್ಲುತ್ತದೆ. ಅಂದಮೇಲೆ ನಮ್ಮ ಬತ್ತಿಯ ತುದಿಯಿಂದ ಮರಿಗೆ ಸಿಗುವುದು, ಬೇಕಾದುದು ಕಡಿಮೆಯೂ ಬೇಡವಾದುದು ಹೆಚ್ಚೂ ಆದ ಹಾಲು. ಜೀರ್ಣವಾಗದೆ ಉಳಿದ ಸಕ್ಕರೆಯು ಕೆಳಗಿನ ಕರುಳಿನಲ್ಲಿ ಹುಳಿತು ವಾಯುವಾಗುತ್ತದೆ.

ಕೊಡುವ ಕ್ರಮದಲ್ಲಿಯೂ ನಮ್ಮ ವಾತ್ಸಲ್ಯಕ್ಕೂ ತಾಯಿಮೊಲದ ವಾತ್ಸಲ್ಯಕ್ಕೂ ಬಹಳ ಅಂತರ. ಅದು ದಿನಕ್ಕೆ ಒಮ್ಮೆ, ಮೂರು ನಾಲ್ಕು ನಿಮಿಷಗಳ ಹೊತ್ತು ಮಾತ್ರ, ಮರಿಗಳಿಗೆ ಮೊಲೆಯೂಡಿಸಿ ಹೊರಟುಹೋಗುತ್ತದೆಂಬುದನ್ನು ಝಾರೋ ಮತ್ತು ಸಂಗಡಿಗರು ೧೯೬೫ರಲ್ಲಿಯೇ ವರದಿ ಮಾಡಿದರು. ಆ ಅಲ್ಪಕಾಲದಲ್ಲಿ ಕುರುಡು ಮರಿಗಳು ಮೊಲೆಯನ್ನು ಹುಡುಕಿಕೊಳ್ಳಲು ತಾಯಿಯ ಹಾಲಿನಲ್ಲಿಯೇ ಇರುವ ಒಂದು ವಾಸನೆಯ ದ್ರವ್ಯವು ದಾರಿ ತೋರುತ್ತದೆಂಬುದು ೨೦೦೩ರಲ್ಲಿ ತಿಳಿದುಬಂದಿತು. ಗಂಟೆಗೊಮ್ಮೆ ಬಾಯಿಗೆ ಬತ್ತಿಯಿಡುವ ಮನೆಯವರು, ತಾಯಿಯು ಇಡೀ ದಿನ ಖಾಲಿ ಬಿಡುವ ಜಠರವನ್ನು ಖಾಲಿಯಾಗಲು ಬಿಡುವುದೇ ಇಲ್ಲ.

ಇವೆಲ್ಲಕ್ಕಿಂತ ಆಶ್ಚರ್ಯಕರವಾದುದು ೧೯೬೬ರಲ್ಲಿ ಪ್ರಕಟವಾದ ಒಂದು ಶೋಧ. ಬೆಳೆದ ಮೊಲದ ಜಠರವು ಉಗ್ರವಾದ ಆಮ್ಲದಿಂದ ಕೂಡಿದ್ದು, ನುಂಗಿದ ಕ್ರಿಮಿಗಳಲ್ಲಿ ಹೆಚ್ಚಿನವುಗಳನ್ನು ಅಲ್ಲಿಯೇ ಕೊಲ್ಲುತ್ತದೆ. ಹಾಲು ಕುಡಿಯುವ ಮರಿಯ ಜಠರದಲ್ಲಿ ಆ ಆಮ್ಲವು ಇನ್ನೂ ಸೌಮ್ಯವಾಗಿರುತ್ತದೆ. ಆದರೂ ಆ ಜಠರದಲ್ಲಿ ಕ್ರಿಮಿಗಳು ಬೆಳೆಯವು. ಕಾರಣವೇನೆಂದು ಹುಡುಕಿದ ಕನ್ಯಾಸ್ ರೊಡ್ರಿಗೆಸ್ ಮತ್ತು ಸ್ಮಿತ್ ಎಂಬವರು, ತಾಯಿಯ ಹಾಲಿನ ಜಿಡ್ಡಿನ ಮೇಲೆ ಮರಿಯ ಜಠರದ ಕಿಣ್ವವು ವರ್ತಿಸಿ ಎರಡು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆಂದೂ, ಅವೇ ಮರಿಯನ್ನು ಕಾಯುತ್ತವೆಂದೂ ಕಂಡುಹಿಡಿದರು. ಅನ್ಯಪ್ರಾಣಿಯ ಹಾಲಿನಿಂದ ಬೆಳೆದ ಮರಿಗೆ ಈ ಕವಚವಿಲ್ಲ. ಆದುದರಿಂದ ನಮ್ಮ ಬತ್ತಿಯ ಹಾಲು ಪೌಷ್ಟಿಕವಾಗಿ ಅಸಮರ್ಪಕವಾದುದಷ್ಟೇ ಅಲ್ಲ, ರಕ್ಷಣೆಯಿಲ್ಲದ ಜಠರಕ್ಕೆ ಅದು ಕ್ರಿಮಿಗಳನ್ನೂ ಒಯ್ಯುತ್ತದೆ.

ಹಾಗಾದರೆ ಹಾಲೇ ಬೇಡವೆ? ಇಲ್ಲಿ ಎರಡು ಪಕ್ಷಗಳಿವೆ. ಕಣ್ಣು ತೆರೆಯದ, ತಾಯಿ ಸತ್ತ ಮರಿಗೆ ಹಾಲಿಲ್ಲದೆ ಗತಿಯಿಲ್ಲವೆಂಬುದನ್ನು ಎರಡೂ ಒಪ್ಪುತ್ತವೆ. ಬೇರೆ ಬಾಣಂತಿಮೊಲದ ಗೂಡಿನಲ್ಲಿ ಸೇರಿಸುವುದು ಸರ್ವೋತ್ತಮವೆಂಬುದನ್ನೂ ಒಪ್ಪುತ್ತವೆ. ಅದು ಸಾಧ್ಯವಿಲ್ಲದಾಗ ಬೆಕ್ಕಿನ ಮರಿಗಾಗಿ ತಯಾರಿಸಿದ ಹಾಲಿನ ಪುಡಿಯೇ ಉತ್ತಮವೆಂಬುದು ಒಂದು ಪಕ್ಷ. ಆಡಿನ ಹಾಲಿಗೆ ಜಿಡ್ಡನ್ನು ಕೂಡಿಸಿ ಕೊಡಬಹುದೆಂಬುದು ಇನ್ನೊಂದು. ಯಾವುದನ್ನು ಕೊಟ್ಟರೂ ಮರಿಯನ್ನು ಮಗುವಿನಂತೆ ಅಂಗಾತ ಮಲಗಿಸದೆ, ನಾಲ್ಕು ಕಾಲ ಮೇಲೆ ನಿಲ್ಲಿಸಿಯೇ, ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ತುಟಿಗೆ ಮುಟ್ಟಿಸಬೇಕು. ಅಂಗಾತ ಮಲಗಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಆದರೆ ಪೇಟೆಯಿಂದ ಬಂದ, ಓಡಾಡುವ, ಹುಲ್ಲು ಕಡಿಯಬಲ್ಲ ನಾಲ್ಕೈದು ವಾರದ ಮರಿಗೆ ಆಕಳ ಹಾಲಾಗಲಿ ಎಮ್ಮೆಯ ಹಾಲಾಗಲಿ ಬೇಡವೇ ಬೇಡ. ಈ ಒಂದು ಮಾತಿನಲ್ಲಿ ನನಗೆ ಸಂಶಯವಿಲ್ಲ.

ತಾಯಿಯನ್ನು ಅಗಲುವ ಕಾಲ

ತಾಯಿಮೊಲದ ಹಾಲು ಮೂರನೆಯ ವಾರದಲ್ಲಿ ತುತ್ತತುದಿಗೇರಿ, ಅಲ್ಲಿಂದ ಇಳಿಯತೊಡಗುತ್ತದೆ. ಅದೇ ವಾರದಲ್ಲಿ ಮರಿಯು ಘನಾಹಾರವನ್ನು ತಿನ್ನಲು ಕಲಿಯುತ್ತದೆ. ಈ ಎರಡು ರೇಖೆಗಳು ಒಂದನ್ನೊಂದು ಹಾದುಹೋಗುವ ಸಂಧಿಕಾಲದಲ್ಲಿ ಎಲ್ಲಿ ಗೆರೆಯೆಳೆಯಬೇಕೆಂಬುದೇ ಎರಡನೆಯ ವಿವಾದ. ಮಾಂಸೋತ್ಪಾದಕರು ೨೮ರಿಂದ ೩೫ ದಿನಗಳಿಗೆ ಮರಿಯನ್ನು ಬೇರ್ಪಡಿಸುತ್ತಾರೆ; ತಾಯಿಗೆ ಅಷ್ಟರಲ್ಲಿಯೇ ಮುಂದಿನ ಗರ್ಭವು ನಿಂತಿರುವುದರಿಂದ ಅವರ ಲೆಕ್ಕಕ್ಕೆ ಅದು ಅನಿವಾರ್ಯವೂ ಹೌದು. ಮರಿಯು ಆ ವಯಸ್ಸಿಗೆ ಹಾಲಿಲ್ಲದೆ ಬದುಕಬಲ್ಲುದೆಂಬ ಅವರ ಮಾತು ಸತ್ಯ. ಆದರೆ ಐದರಿಂದ ಎಂಟು ವಾರಗಳ ನಡುವಿನ ಅವಧಿಯಲ್ಲಿಯೇ ಭೇದಿಯಿಂದ ಮರಿಗಳು ಸಾಯುವುದು ಅತಿ ಹೆಚ್ಚೆಂಬುದನ್ನು ಅತ್ಯಂತ ಕರಾರುವಾಕ್ಕಾಗಿ ದಾಖಲಿಸಿದವರೂ ಅವರೇ. ೧೯೯೬ರ ಕೊನೆಯ ಹೊತ್ತಿಗೆ ಫ್ರಾನ್ಸಿನ ಸಾಕಣೆಕೇಂದ್ರಗಳಲ್ಲಿ ಕಾಣಿಸಿಕೊಂಡು ಅನೇಕ ದೇಶಗಳಿಗೆ ಹಬ್ಬಿದ ಕರುಳುಬೇನೆಯು ಆಗತಾನೆ ಹಾಲು ಬಿಟ್ಟ ಮರಿಗಳನ್ನೇ ಕೊಂದಿತು. ಆ ಆಘಾತದ ತರುವಾಯ ಗಿದೆನ್ ಮೊದಲಾದ ಸಂಶೋಧಕರು, ಹಾಲು ಬಿಟ್ಟ ಮೇಲಿನ ಮೂರು ನಾಲ್ಕು ವಾರ ಮರಿಗೆ ಸಾಂದ್ರಾಹಾರವನ್ನು ಹೊಟ್ಟೆ ತುಂಬ ಕೊಡದೆ ಮಿತಗೊಳಿಸಿದರೆ ಸಾವು ಕಡಿಮೆಯಾಗುತ್ತದೆಂದು ತೋರಿಸಿದರು. ತೂಕವೇ ಪರಮಾರ್ಥವಾದ ಪರಂಪರೆಯೊಂದು ಮಿತಾಹಾರದ ಸೂತ್ರಕ್ಕೆ ಬಂದು ನಿಂತಿತೆಂಬುದು ಗಮನಿಸತಕ್ಕ ಸಂಗತಿ.

ಗೃಹಸಂಗಾತಿಯ ಪಂಥದವರು ಎಂಟು ವಾರವೆನ್ನುತ್ತಾರೆ. ಈ ಅಂಕೆಗೆ ಆಧಾರವಾಗಿ ಅವರು ಕೊಡುವ ಕಾರಣಗಳು ಮೂರು: ಪಿಷ್ಟವನ್ನು ಅರಗಿಸುವ ಕಿಣ್ವಗಳು ಮೆಲ್ಲಮೆಲ್ಲನೆ ಹೆಚ್ಚುತ್ತವೆ, ಜಠರದ ಆಮ್ಲವು ಹಾಲು ನಿಂತ ಮೇಲೆಯೇ ಬಲಿಯುತ್ತದೆ, ಕೆಳಗಿನ ಕರುಳಿನ ಚೀಲವಾದ ಅಂಧಾಂತ್ರದ ಸೂಕ್ಷ್ಮಜೀವಿಗಳ ಸಮುದಾಯವು ಆಗಲೇ ನೆಲೆಗೊಳ್ಳುತ್ತಿರುತ್ತದೆ. ಮೂರೂ ಸತ್ಯವೇ, ಆದರೆ ಮೂರೂ ಸೇರಿ ಎಂಟೆಂಬ ಅಂಕೆಯನ್ನೇ ಕೊಡುತ್ತವೆಂದು ಹೇಳಲಾಗದು. ಆರನೆಯ ವಾರದಲ್ಲಿ ತಾಯಿಯ ಜೊತೆಗಿರುವ ಮರಿಗೆ ದೊರೆಯುವುದು ಗುಟುಕಿನಷ್ಟು ಹಾಲು. ಅದರೊಡನೆ ಪರಿಚಿತವಾದ ಗೂಡು, ಪರಿಚಿತವಾದ ಆಹಾರ, ಒಡಹುಟ್ಟಿದವುಗಳ ಮೈಬಿಸುಪು. ಪೇಟೆಯ ಮರಿಯು ಹಾಲನ್ನೂ ಗೂಡನ್ನೂ ಆಹಾರವನ್ನೂ ಸಂಗಾತಿಗಳನ್ನೂ ಒಂದೇ ದಿನ ಕಳೆದುಕೊಂಡು, ಬಸ್ಸಿನ ಗದ್ದಲದಲ್ಲಿ ಬೇರೊಂದು ಊರಿಗೆ ಬರುತ್ತದೆ. ಈ ನಾಲ್ಕು ಒಟ್ಟಿಗೆ ಆಗದಂತೆ ನೋಡಿಕೊಳ್ಳುವುದೇ ಎಂಟು ವಾರದ ನಿಯಮದ ನಿಜವಾದ ಪ್ರಯೋಜನವೆಂದು ನನಗೆ ತೋರುತ್ತದೆ.

ಹಸಿಯದೋ, ಒಣಗಿದುದೋ

ಮೊಲದ ಪಚನಕ್ರಮದ ಕೇಂದ್ರವು ಅಂಧಾಂತ್ರ. ಅಲ್ಲಿ ಸೂಕ್ಷ್ಮಜೀವಿಗಳು ಎಲೆಹುಲ್ಲನ್ನು ಹುದುಗಿಸಿ ಮಾಡಿದ ಪಾಕವನ್ನು ಮೊಲವು ಮೆತ್ತನೆಯ ಹಿಕ್ಕೆಯ ರೂಪದಲ್ಲಿ ಹೊರಹಾಕಿ, ನೆಲಕ್ಕೆ ಬೀಳುವ ಮುನ್ನವೇ ಬಾಯೊಡ್ಡಿ ನುಂಗುತ್ತದೆ. ಮೋರೋ ಎಂಬ ಫ್ರೆಂಚ್ ಪಶುವೈದ್ಯನು ೧೮೮೨ರಲ್ಲಿ ಇದನ್ನು ವಿವರಿಸಿದನು. ನೇರಳೆಯ ಬಣ್ಣಕ್ಕೆ ಸಮೀಪವಾಗಿ, ಪುಟ್ಟ ದ್ರಾಕ್ಷಿಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಂಡು, ಲೋಳೆಯ ಹೊಳಪಿನಿಂದ ಕೂಡಿದ ಇದನ್ನು ಕಂಡ ಹೊಸಬರು ಭೇದಿಯೆಂದು ಹೆದರುವುದುಂಟು, ಅದು ಆಹಾರ. ಗುಂಡಗೆ, ಒಣಗಿ, ಒತ್ತಿದರೆ ಹುಲ್ಲಿನ ಪುಡಿಯಾಗುವ ಹಿಕ್ಕೆಯೇ ನಿಜವಾದ ಮಲ. ನೀರಿನಂತಹದೋ ಅಂಬಲಿಯಂತಹದೋ ಬಿದ್ದರೆ, ಅಥವಾ ಅರ್ಧದಿನ ಏನೂ ಬೀಳದೆ ಮರಿಯು ತಿನ್ನುವುದನ್ನೂ ನಿಲ್ಲಿಸಿದರೆ, ಮರುದಿನದವರೆಗೆ ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಮನೆಯಲ್ಲಿ ಉಳಿದಿರುವ ಮಕ್ಕಳ ಔಷಧಿಯನ್ನು ಹನಿಸುವುದಂತೂ ಕೂಡದು. ಪೆನಿಸಿಲಿನ್ ವರ್ಗದ ಮದ್ದು ಬಾಯಿಯ ಮೂಲಕ ಹೋದರೆ ಅಂಧಾಂತ್ರದ ಉಪಕಾರಿ ಜೀವಿಗಳನ್ನೇ ಕೊಂದು ಮೊಲದ ಪ್ರಾಣವನ್ನು ತೆಗೆಯುತ್ತದೆ.

ಎಳೆಮರಿಯ ಅಂಧಾಂತ್ರಕ್ಕೆ ಹಸಿಸೊಪ್ಪು ಸಲ್ಲದು, ೧೨ ವಾರ ತುಂಬುವ ತನಕ ಒಣಹುಲ್ಲು ಮತ್ತು ಗುಳಿಗೆಯಾಕಾರದ ಕಾರ್ಖಾನೆಯ ಆಹಾರ ಮಾತ್ರವೆಂಬುದು ಅಮೆರಿಕದಿಂದ ಬಂದ ಹಳೆಯ ಕಟ್ಟಳೆ. ನಮ್ಮ ವೈದ್ಯರ ಉತ್ತರಕ್ಕೂ ಇದೇ ಮೂಲ. ತಾಯಿಯೂ ಮರಿಯೂ ಗುಳಿಗೆಯನ್ನೇ ತಿಂದು ಬೆಳೆದ ದೇಶದಲ್ಲಿ ಒಮ್ಮೆಗೇ ಸೊಪ್ಪು ಹಾಕಿದಾಗ ಮರಿಗಳು ಭೇದಿಯಾಗಿ ಸಾಯುವುದನ್ನು ಕಂಡೇ ಆ ಕಟ್ಟಳೆ ಹುಟ್ಟಿತು, ಅದನ್ನು ಅಲ್ಲಗಳೆಯುವಂತಿಲ್ಲ. ಎದುರುಪಕ್ಷದವರು, ಬಿಲದಿಂದ ಹೊರಬಂದ ಮೂರು ವಾರದ ಮರಿಗೆ ಒಣಹುಲ್ಲನ್ನು ಯಾರು ಒದಗಿಸುತ್ತಾರೆ, ಅದು ಇಬ್ಬನಿ ಹಿಡಿದ ಹಸಿಹುಲ್ಲನ್ನೇ ತಿಂದು ಬದುಕುವುದಿಲ್ಲವೆ, ಎಂದು ಕೇಳುತ್ತಾರೆ.

ಈ ಜಗಳವನ್ನು ಬಗೆಹರಿಸುವ ದಾರಿಯನ್ನು ತೋರಿಸಿದುದು ವರ್ತನಾವಿಜ್ಞಾನ. ಬಿಲ್ಕೊ, ಆಲ್ಟ್‌ಬೆಕರ್ ಮತ್ತು ಹಡ್ಸನ್ ಎಂಬವರು ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗರ್ಭಿಣಿಯಾದ ಅಥವಾ ಹಾಲೂಡಿಸುವ ಮೊಲಕ್ಕೆ ಜುನಿಪರ್ ಎಂಬ ಗಿಡವನ್ನು ತಿನ್ನಿಸಿದರೆ, ಅದರ ಮರಿಗಳು ಮುಂದೆ ಆ ಗಿಡದತ್ತಲೇ ಹೆಚ್ಚಾಗಿ ಬಾಯಿ ಹಾಕುತ್ತವೆಂದು ಕಂಡುಬಂದಿತು. ತಾಯಿಯು ಗೂಡಿನಲ್ಲಿ ಬಿಟ್ಟುಹೋಗುವ ಹಿಕ್ಕೆಯ ಮೂಲಕವೂ ಈ ಕಲಿಕೆಯು ಸಾಗುತ್ತದೆ. ಆ ಹಿಕ್ಕೆಗಳನ್ನು ಮರಿಗಳು ಮೆಲ್ಲುವುದರಿಂದ ಅವುಗಳ ಅಂಧಾಂತ್ರದ ಸೂಕ್ಷ್ಮಜೀವಿಗಳ ನೆಲೆಗೊಳ್ಳುವಿಕೆಯೂ ಆರೋಗ್ಯವೂ ಪ್ರಭಾವಿತವಾಗುತ್ತವೆಂದು ೨೦೧೪ರಲ್ಲಿ ಕೋಂಬ್ ಮತ್ತು ಸಂಗಡಿಗರು ತೋರಿಸಿದರು. ಎಂದರೆ ಏನನ್ನು ತಿನ್ನಬೇಕೆಂಬ ಪಾಠವನ್ನೂ, ಅದನ್ನು ಅರಗಿಸುವ ಸಾಮಗ್ರಿಯನ್ನೂ ತಾಯಿಯು ಒಂದೇ ಕೈಯಿಂದ ಕೊಡುತ್ತದೆ. ಮರಿಯನ್ನು ಕೊಲ್ಲುವುದು ಹಸಿತನವಲ್ಲ, ಹಠಾತ್ತಾದ ಬದಲಾವಣೆ. ಸೊಪ್ಪು ತಿಂದ ತಾಯಿಯ ಮರಿಗೆ ಅದೇ ಸೊಪ್ಪು ಸಲ್ಲಬಹುದು. ಬೂಸಾ ಮಾತ್ರ ತಿಂದ ತಾಯಿಯ ಮರಿಗೆ ಮೊದಲ ದಿನವೇ ಸಿವುಡುಗಟ್ಟಲೆ ಮೆಂತ್ಯೆಪಲ್ಲೆಯನ್ನು ಹಾಕಿದರೆ ಅಪಾಯ ತಪ್ಪದು. ಆದುದರಿಂದ ಮಾರುವವನನ್ನು ಕೇಳಬೇಕಾದ ಪ್ರಶ್ನೆ, ಮರಿಗೆ ಏನು ಹಾಕಬೇಕೆಂಬುದಲ್ಲ, ತಾಯಿ ಏನು ತಿನ್ನುತ್ತಿತ್ತೆಂಬುದು. ಮೊದಲ ವಾರ ಅದನ್ನೇ ಕೊಟ್ಟು, ಒಣಹುಲ್ಲನ್ನು ಹೊತ್ತೆಲ್ಲ ಮುಂದಿಟ್ಟು, ಅನಂತರ ಒಂದೊಂದೇ ಹೊಸ ಸೊಪ್ಪನ್ನು, ಬೆರಳುದ್ದದ ಒಂದೆಲೆಯಿಂದ ಮೊದಲುಮಾಡಿ, ಹಿಕ್ಕೆಯನ್ನು ನೋಡುತ್ತ ಮೂರು ನಾಲ್ಕು ದಿನಕ್ಕೊಮ್ಮೆ ಹೆಚ್ಚಿಸುತ್ತ ಹೋಗುವುದು ಉಭಯಪಕ್ಷಗಳಿಗೂ ಒಪ್ಪಿಗೆಯಾಗುವ ಮಾರ್ಗವಾಗಿದೆ.

ಕಾಳು, ಬೂಸಾ, ಗಜ್ಜರಿ

ಇಲ್ಲಿ ಭಿನ್ನಾಭಿಪ್ರಾಯವು ಕಡಿಮೆ. ಚೀಕ್ ಮತ್ತು ಪ್ಯಾಟನ್ ಎಂಬವರು ೧೯೮೦ರಲ್ಲಿ, ಮರಿಯ ಸಣ್ಣ ಕರುಳಿನಲ್ಲಿ ಅರಗದೆ ಉಳಿದ ಪಿಷ್ಟವು ಅಂಧಾಂತ್ರಕ್ಕಿಳಿದು, ಅಲ್ಲಿ ವಿಷಕಾರಿ ಜೀವಿಗಳಿಗೆ ಆಹಾರವಾಗುತ್ತದೆಂಬ ವಾದವನ್ನು ಮಂಡಿಸಿದರು. ಪಿಷ್ಟದ ಹೆಚ್ಚಳಕ್ಕಿಂತ ನಾರಿನ ಕೊರತೆಯೇ ಮುಖ್ಯಕಾರಣವೆಂದು ಫ್ರೆಂಚರು ಆಮೇಲೆ ತಿದ್ದಿದರು. ವಾದವು ಯಾವುದೇ ಆಗಲಿ, ಮುಷ್ಟಿಗಟ್ಟಲೆ ಕಡಲೆ, ಗೋವಿನಜೋಳ, ಬಿಸ್ಕೀಟು, ರೊಟ್ಟಿಯ ಚೂರು ಎಳೆಮರಿಗೆ ಸಲ್ಲವೆಂಬ ತೀರ್ಮಾನವು ಒಂದೇ. ಗೋಧಿಯ ಬೂಸಾ ಚಮಚದಷ್ಟಾದರೆ ಬೆಳೆಯುವ ಮೈಗೆ ಸಹಾಯಕ. ಗಜ್ಜರಿಯು ಚಿತ್ರಪುಸ್ತಕದ ಮೊಲಕ್ಕೆ ಎಷ್ಟು ಪ್ರಿಯವಾದರೂ ಸಿಹಿಯಾದ ಗಡ್ಡೆ. ಅದರ ಸೊಪ್ಪೇ ಮೊಲಕ್ಕೆ ಹೆಚ್ಚು ಹಿತ.

ಹಲ್ಲಿನ ವಿಚಾರವೂ ಇದಕ್ಕೆ ಸೇರಿದುದು. ಮೊಲದ ೨೮ ಹಲ್ಲುಗಳೂ ಆಜೀವಪರ್ಯಂತ ಬೆಳೆಯುತ್ತವೆ. ಮುಂಬಲ್ಲುಗಳಂತೂ ವಾರಕ್ಕೆ ಎರಡು ಮಿಲಿಮೀಟರಿನಷ್ಟು. ಮೇಲ್ದುಟಿಯನ್ನು ಮೆಲ್ಲನೆ ಸರಿಸಿ ನೋಡಿದರೆ ದೊಡ್ಡ ಬಾಚಿಗಳ ಹಿಂದೆ ಅಕ್ಕಿಯ ನುಚ್ಚಿನಂತಹ ಇನ್ನೊಂದು ಜೊತೆ ಹಲ್ಲುಗಳು ಅಡಗಿರುವುದು ಕಾಣುತ್ತದೆ. ಇಲಿಯ ಬಾಯಲ್ಲಿ ಇವಿಲ್ಲ. ಮೊಲದ ಹಲ್ಲುಗಳು ವಕ್ರವಾಗಿ ಬೆಳೆಯುವ ಬೇನೆಗೆ ಸುಣ್ಣದಂಶದ ಕೊರತೆಯಿಂದ ದವಡೆಯೆಲುಬು ಮೆತ್ತಗಾಗುವುದೇ ಮೂಲವೆಂದು ಇಂಗ್ಲೆಂಡಿನ ಹಾರ್ಕೋರ್ಟ್-ಬ್ರೌನ್ ಎಂಬ ವೈದ್ಯೆಯೂ, ಸವೆಯುವಷ್ಟು ಅಗಿಯದಿರುವುದೇ ಮೂಲವೆಂದು ಇತರರೂ ವಾದಿಸಿದ್ದಾರೆ. ಹುಲ್ಲು ಸುಣ್ಣದಂಶವನ್ನೂ ಕೊಡುತ್ತದೆ, ಹಲ್ಲನ್ನೂ ಸವೆಸುತ್ತದೆ.

ನಮ್ಮ ನೆಲದ ಹುಲ್ಲು

ಎಲ್ಲ ದಾರಿಗಳೂ ಹೀಗೆ ಒಣಹುಲ್ಲಿಗೆ ಬಂದು ಸೇರುವುದರಿಂದ, ಹುಬ್ಬಳ್ಳಿ-ಧಾರವಾಡದ ನಿವಾಸಿಗೆ ಅದೇ ಮೊದಲ ಸಮಸ್ಯೆಯಾಗುತ್ತದೆ. ಪಾಶ್ಚಾತ್ಯ ಪುಸ್ತಕಗಳೆಲ್ಲ ಹೊಗಳುವ ತಿಮೋಥಿ ಹುಲ್ಲು ಶೀತದೇಶದ್ದು. ನಮಗೆ ಅದು ಹೊರಗಿನಿಂದ, ದುಬಾರಿಯ ಬೆಲೆಗೆ ಬರತಕ್ಕದ್ದು. ಪೂರ್ವದ ಎರೆಹೊಲಗಳ ಜೋಳದ ಕಣಿಕೆಯು ಎತ್ತಿಗೆ ಯೋಗ್ಯವಾದರೂ ಎಳೆಮರಿಗೆ ಬಲು ಒರಟು. ಎಳೆಯ ಜೋಳದ ಪೈರಿನಲ್ಲಿ ದನಗಳನ್ನೇ ಕೊಲ್ಲುವ ವಿಷವಿರುತ್ತದೆಂಬುದು ನಮ್ಮ ರೈತರಿಗೆಲ್ಲ ತಿಳಿದ ವಿಷಯ. ಪಶ್ಚಿಮದ ಕಲಘಟಗಿ, ಅಳ್ನಾವರಗಳ ಕಡೆಯ ಭತ್ತದ ಹುಲ್ಲು ಹಾಸಿಗೆಗೆ ಒಳ್ಳೆಯದು, ಸತ್ವದಲ್ಲಿ ಬಡವು. ಕುದುರೆಮಸಾಲೆಯ ಸೊಪ್ಪು ಸಸಾರಜನಕದಲ್ಲಿಯೂ ಸುಣ್ಣದಂಶದಲ್ಲಿಯೂ ಸಮೃದ್ಧವಾದುದರಿಂದ ಒಣಗಿಸಿ ಕೊಟ್ಟರೆ ಬೆಳೆಯುವ ಆರು ತಿಂಗಳ ಕಾಲ ಹಿತ. ಆಮೇಲೆ ಹೆಚ್ಚಾದರೆ ಮೂತ್ರದಲ್ಲಿ ಸುಣ್ಣವು ಗಟ್ಟಿಯಾಗುತ್ತದೆ. ನೇಪಿಯರ್ ಹುಲ್ಲಿನಲ್ಲಿ ಸುಣ್ಣದಂಶವನ್ನು ಕಟ್ಟಿಹಾಕುವ ಆಕ್ಸಲೇಟುಗಳು ಹೆಚ್ಚು.

ಉಳಿದುದು ಕರಕಿ. ಗಣಪತಿಗೆ ಏರಿಸುವ ಈ ಹುಲ್ಲು ನಮ್ಮ ಅಂಗಳ, ಮೈದಾನ, ತೋಟದ ಕಾಲುದಾರಿಗಳಲ್ಲೆಲ್ಲ ಬೆಳೆಯುತ್ತದೆ. ಎಳೆಯದು, ನವಿರಾದುದು, ನಾರುಳ್ಳದ್ದು. ಮಳೆಗಾಲದಲ್ಲಿ ಒಣಗಿಸಲು ಬಿಸಿಲಿಲ್ಲ, ಬೇಸಿಗೆಯಲ್ಲಿ ಒಣಗಿಸಲು ಹುಲ್ಲಿಲ್ಲ. ನವರಾತ್ರಿಯಿಂದ ದೀಪಾವಳಿಯ ತನಕದ ಆ ಕೆಲವು ವಾರಗಳಲ್ಲಿಯೇ, ಹುಲ್ಲೂ ದಟ್ಟವಾಗಿದ್ದು ಬಿಸಿಲೂ ಎಳೆಯದಾಗಿದ್ದಾಗ, ಧೂಳು ಮತ್ತು ನಾಯಿಗಳ ಓಡಾಟವಿಲ್ಲದ ಜಾಗದಿಂದ ಕೊಯ್ದು, ತೊಳೆದು, ಚಾವಣಿಯ ನೆರಳಿನಲ್ಲಿ ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರವಿ, ದಿನಕ್ಕೆರಡು ಸಲ ಕೈಯಾಡಿಸಬೇಕು. ನಾಲ್ಕನೆಯ ದಿನ ಹಿಡಿಯಲ್ಲಿ ಹಿಚುಕಿದರೆ ಸರಸರನೆ ಸದ್ದಾಗಿ, ಹಸಿರು ಮಾಸದೆ, ಚಹಾದ ಎಲೆಯಂತಹ ಒಂದು ಸುವಾಸನೆಯು ಏಳುತ್ತದೆ. ಮುಗ್ಗಲು ವಾಸನೆ ಬಂದುದನ್ನು ನಿರ್ದಾಕ್ಷಿಣ್ಯವಾಗಿ ಎಸೆಯಬೇಕು. ಈ ಊರಿನ ಭಾಗ್ಯವೆಂದರೆ, ೧೯೮೬ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವೂ, ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಇಲ್ಲಿಯೇ ಇವೆ. ದನಕ್ಕೂ ಕುರಿಗೂ ಬೆಳೆದ ಮೇವಿನ ಜ್ಞಾನವನ್ನು ಈ ಪುಟ್ಟ ಪ್ರಾಣಿಯ ಕಡೆಗೂ ಒಂದಿಷ್ಟು ತಿರುಗಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಹವೆಯ ವಿಷಯದಲ್ಲಿ ಒಂದು ಮಾತು. ಬೆಳೆದ ಮೊಲಕ್ಕೆ ೩೦ ಡಿಗ್ರಿಯ ಮೇಲಿನ ಸೆಕೆಯು ಸಂಕಟಕರ. ಹುಬ್ಬಳ್ಳಿಯ ಏಪ್ರಿಲ್-ಮೇ ತಿಂಗಳುಗಳು ಅದನ್ನು ಪ್ರತಿದಿನವೂ ಮೀರುತ್ತವೆ. ತಾಯಿಯಿಲ್ಲದ ಒಂಟಿ ಮರಿಗೆ ಮಾಗಿಯ ರಾತ್ರಿಯ ಚಳಿಯೂ ಅಷ್ಟೇ ಅಪಾಯ. ತಣ್ಣಗಾದ ಮರಿಗೆ ಏನನ್ನು ಉಣಿಸಿದರೂ ಅರಗುವುದಿಲ್ಲ; ಮೊದಲು ಬೆಚ್ಚಗಾಗಿಸಿ, ಆಮೇಲೆ ಉಣಿಸಬೇಕು. ನಮ್ಮ ಓಣಿಯ ಮರಿಯ ವಿಷಯದಲ್ಲಿ ಇದನ್ನೂ ಯಾರೂ ಅರಿತಿರಲಿಲ್ಲ.

ಇತ್ಯರ್ಥವಾಗದೆ ಉಳಿದವು

ಮೂರು ವಾರ ತುಂಬದ ಅನಾಥಮರಿಗೆ ತಾಯಿಯ ಹಾಲಿಗೆ ಸಮನಾದ ಬದಲಿಯನ್ನು ಯಾರೂ ಇನ್ನೂ ಸಿದ್ಧಪಡಿಸಿಲ್ಲ. ಜಿಡ್ಡಿನ ಪ್ರಮಾಣವನ್ನು ಸರಿದೂಗಿಸಿದರೂ ಜಠರದ ಆ ರಕ್ಷಾಕವಚವನ್ನು ಕೃತಕವಾಗಿ ತೊಡಿಸುವ ಬಗೆಯು ವಿವಾದದಲ್ಲಿಯೇ ಇದೆ. ಆರೋಗ್ಯವಂತ ಮೊಲದ ಮೆತ್ತನೆಯ ಹಿಕ್ಕೆಯನ್ನು ಅನಾಥಮರಿಗೆ ತಿನ್ನಿಸಿ ಸೂಕ್ಷ್ಮಜೀವಿಗಳನ್ನು ನಾಟಿಮಾಡುವ ಕ್ರಮವನ್ನು ಅನೇಕ ಪಾಲಕರು ಅನುಸರಿಸುತ್ತಾರೆ; ೨೦೧೪ರ ಸಂಶೋಧನೆಯು ಅದಕ್ಕೆ ಬೆಂಬಲವೆಂದು ಕೆಲವರು ವಾದಿಸಿದರೆ, ಅದೇ ದಾರಿಯಲ್ಲಿ ಎಳೆಮರಿಗಳ ಪ್ರಾಣಾಂತಕ ರೋಗವಾದ ಕಾಕ್ಸಿಡಿಯೋಸಿಸ್ ಕೂಡ ಬರಬಹುದೆಂದು ಇತರರು ಎಚ್ಚರಿಸುತ್ತಾರೆ. ಗೂಡು ಮತ್ತು ಆಹಾರಗಳನ್ನು ಬದಲಿಸದೆ ತಾಯಿಯನ್ನು ಮಾತ್ರ ಅಗಲಿಸಿದರೆ ಐದು ವಾರವೂ ಎಂಟು ವಾರವೂ ಒಂದೆಯೇ ಎಂಬ ಪ್ರಶ್ನೆಗೆ ಮಾಂಸೋತ್ಪಾದಕರ ಲೆಕ್ಕಪುಸ್ತಕಗಳು ಉತ್ತರ ಕೊಡಲಾರವು. ಅವರ ಮೊಲಗಳು ನಾಲ್ಕನೆಯ ತಿಂಗಳನ್ನು ಕಾಣುವುದಿಲ್ಲ. ಕರಕಿಯೊಂದೇ ಬೆಳೆಯುವ ಎಲುಬಿಗೆ ಸಾಕೇ, ಕುದುರೆಮಸಾಲೆಯನ್ನು ಎಷ್ಟು ಪಾಲು ಕೂಡಿಸಬೇಕು ಎಂಬುದು ನಮ್ಮ ಊರಿನಲ್ಲಿಯೇ ಅಳೆದು ನೋಡಬೇಕಾದ ಪ್ರಶ್ನೆ.

ಇನ್ನೊಂದು ಪ್ರಶ್ನೆಯು ನೋಡುವುದಕ್ಕೆ ಬಲು ಸರಳವಾದುದು: ಪೇಟೆಯಲ್ಲಿ ಮುಂದಿರುವ ಮರಿಗೆ ವಯಸ್ಸೆಷ್ಟು? ಕಣ್ಣು, ಕಿವಿ, ರೋಮಗಳು ಮೊದಲ ಮೂರು ವಾರಗಳ ಲೆಕ್ಕವನ್ನು ಹೇಳಬಲ್ಲವು. ಅಲ್ಲಿಂದ ಮುಂದೆ ಗಿಡ್ಡತಳಿಯ ಎಂಟು ವಾರದ ಮರಿಯನ್ನೂ ದೊಡ್ಡತಳಿಯ ನಾಲ್ಕು ವಾರದ ಮರಿಯನ್ನೂ ಗಾತ್ರದಿಂದ ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ಯುಗಾದಿಯ ಮರುವಾರ ಆ ಬಾಲೆಯು ತನ್ನ ತಂದೆಯೊಡನೆ ಪುನಃ ಪೇಟೆಗೆ ಹೋಗಿ, ನಾನು ಬರೆದುಕೊಟ್ಟ ಎರಡು ಪ್ರಶ್ನೆಗಳನ್ನು ಕೇಳಿಬಂದಳು. ತಾಯಿಗೆ ಬೂಸಾ ಮತ್ತು ಮೆಂತ್ಯೆಪಲ್ಲೆ ಹಾಕುತ್ತಿದ್ದರಂತೆ. ವಯಸ್ಸಿನ ಮಾತಿಗೆ ಮಾರುವವನು, “ದೊಡ್ಡದಾಗಂಗಿಲ್ರಿ, ಜಾತಿನs ಸಣ್ಣದೈತಿ” ಎಂದನಂತೆ. ಮರಿಯನ್ನು ಕೊಳ್ಳದೆ ಅವರು ಹಿಂದಿರುಗಿದರು.